ಫೋರ್‌ಟ್ರಾನ್ ಮತ್ತು ಗುಬ್ಬಿ ಬಸ್ಸು

ನನ್ನಂಥ ಬುದ್ಧಿವಂತರಿಗೆ ಇಂಥವು ಆಗುತ್ತಲೇ ಇರುತ್ತವೆ. ದಡ್ಡರಿಗೆ, ಪಾಪ, ಹೇಳಿಕೊಳ್ಳೋಕೇ ಏನೂ ಇರಲ್ಲ.

ಪಂದ್ಯ

ಅರವತ್ತರ ದಶಕದ ಕೊನೆ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಕಂಪ್ಯೂಟರ್ ಇದ್ದದ್ದು ಬೆಂಗಳೂರಲ್ಲಿ. ನಾವಿನ್ನೂ ಅದರ ಮುಖ ನೋಡಿರಲಿಲ್ಲ. ಮೇಷ್ಟ್ರು ಒಂದು ಪಂದ್ಯ ಇಟ್ಟರು. ಒಂದರಿಂದ ಸಾವಿರದವರೆಗೆ ಕೂಡೋದು, ಅದನ್ನೇ ನೂರು ಸಲ. ಇಬ್ಬರು ಎರಡು ಭಾಷೆಯಲ್ಲಿ ಪ್ರೋಗ್ರಾಂ ಬರೆಯಬೇಕು, ಅವನ್ನು ಮೇಷ್ಟ್ರು ಬೆಂಗಳೂರಿಗೆ ಒಯ್ದು ಓಡಿಸುತ್ತಾರೆ. ಯಾರದ್ದು ಬೇಗ ಮುಗಿಯುತ್ತೋ ಅವನನ್ನು ಮಾತ್ರ ಬೆಂಗಳೂರಿಗೆ ಕರೆದುಕೊಂಡು ಹೋಗಿ ಕಂಪ್ಯೂಟರ್ ತೋರಿಸುತ್ತಾರೆ.

ನಾನು ಫೋರ್‌ಟ್ರಾನ್ ಹಿಡಿದೆ. ನನ್ನ ರೂಂಮೇಟ್, ಕುಣಿಗಲ್‌ನವನು, ಯಂತ್ರದ ಸ್ವಂತ ಭಾಷೆ ಹಿಡಿದ. ಫೋರ್‌ಟ್ರಾನ್ ಮನುಷ್ಯರು ಬರೆಯೋ ಭಾಷೆ ಅಂತ ಕೊಚ್ಚಿಕೊಂಡೆ.

"ಅದನ್ನ ಯಂತ್ರಕ್ಕೆ ಇನ್ನೊಬ್ಬ ಬಿಡಿಸಿ ಹೇಳ್ಬೇಕಲ್ಲ. ನಿಂದು ದುಭಾಷಿ ಕರ್ಕೊಂಡೋಗಿ ಹೆಣ್ಣು ಕೇಳ್ದಂಗೆ ಕಣ್ಲಾ" ಅಂದ.

ಅಜ್ಜಿಯ ಕನಿಕರ

ಮೇಷ್ಟ್ರು ನಮ್ಮ ಪ್ರೋಗ್ರಾಂಗಳನ್ನು ಬೆಂಗಳೂರಲ್ಲೇ ಕಾರ್ಡುಗಳ ಮೇಲೆ ತೂತು ಹೊಡೆಸಿ ತಂದುಕೊಟ್ಟರು, ಯಂತ್ರ ಓದೋದು ಆ ತೂತುಗಳನ್ನೇ. ತಪ್ಪು ನೋಡೋಕೆ ಅಂತ ಭಾನುವಾರ ಕುಣಿಗಲ್‌ನವನನ್ನೂ ಚೇಳೂರಿನ ನಮ್ಮ ಮನೆಗೆ ಕರೆದುಕೊಂಡು ಹೋದೆ. ಅಜ್ಜಿಗೆ ಎಲ್ಲಾ ವಿವರಿಸಿದೆ, ಅರ್ಧ ಊರಿಗೆ ಕೇಳಿಸುವಂತೆ. ಅಜ್ಜಿ ನಮಗೆ ಮುದ್ದೆ ಬಡಿಸುತ್ತಾ ಯೋಚಿಸಿದಳು.

"ಒಂದೇ ಲೆಕ್ಕ ನೂರು ಸಲ ಮಾಡಿಸ್ತೀರಾ? ಪಾಪ, ಮೊದಲನೇ ಸಲವೇ ಸರಿಯಾಗಿ ಮಾಡಿದ್ರೂ ಬುಡಲ್ವೇನ್ಲಾ?"

ದುಂಡು ತೂತು

ವಾಪಸ್ ಬರುವಾಗ ಗುಬ್ಬಿ ಬಸ್ಸು ಕಿಕ್ಕಿರಿದಿತ್ತು. ಟಿಕೆಟ್ಟಿನ ಜೊತೆ ನನ್ನ ಮೊದಲನೇ ಕಾರ್ಡನ್ನೂ ಕೈಯಲ್ಲಿ ಹಿಡಿದಿದ್ದೆ, ಜನ ನೋಡಲಿ ಅಂತ. ಕಂಡಕ್ಟರ್ ಬಂದವನೇ ಎರಡನ್ನೂ ಸೇರಿಸಿ ಕಟಕ್ಕನೆ ಪಂಚ್ ಮಾಡಿ ಮುಂದೆ ಹೋದ.

ಒಂದು ತೂತು ಹೆಚ್ಚಾದರೆ ಪ್ರೋಗ್ರಾಂ ಕೆಟ್ಟಂತೆ. ಬೇರೆ ಕಾರ್ಡ್ ಮಾಡೋ ಯಂತ್ರ ತುಮಕೂರಲ್ಲಿಲ್ಲ. ನನ್ನ ಬಾಯಿ ಕಟ್ಟಿದ್ದನ್ನು ಕುಣಿಗಲ್‌ನವನು ಅವತ್ತೇ ಮೊದಲು ನೋಡಿದ್ದು. ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. ಗುಬ್ಬಿ ಹತ್ತಿರ ಬರುತ್ತಿದ್ದಂತೆ ತನ್ನ ಕಾರ್ಡೊಂದನ್ನು ತೆಗೆದು ಚಾಚಿದ.

"ಕಂಡಕ್ಟ್ರೇ, ನಂದಕ್ಕೂ ಒಂದು ಹೊಡೀರಿ."

ಯಾಕ್ಲಾ ಅಂದೆ.

"ಒಬ್ಬನೇ ಬೆಂಗಳೂರಿಗೆ ಹೋಗಿ ಯಾರ ಹತ್ರ ಜಗಳ ಆಡ್ಲಿ?"

ಸೋಮವಾರ ಮೇಷ್ಟ್ರು ಎರಡು ಕಾರ್ಡನ್ನೂ ಬೆಳಕಿಗೆ ಹಿಡಿದರು. ಯಂತ್ರದ ತೂತು ಚೌಕ, ಈ ದುಂಡಗಿರೋದು ಯಾವ ಭಾಷೆಯದು ಅಂತ ಕೇಳಿದರು. ನಾನು ತಲೆ ತಗ್ಗಿಸಿ ನಡೆದದ್ದನ್ನೆಲ್ಲಾ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಸರಿ, ಹೊಸ ಕಾರ್ಡ್ ಅಲ್ಲೇ ಮಾಡಿಸೋಣ. ಇಬ್ಬರೂ ಹೊರಡಿ. ಟಿಕೆಟ್ ಆಗ್ಲೇ ಪಂಚ್ ಆಗಿದೆಯಲ್ಲ."