ಬೋಗುಣಿಯ ಮೊದಲ ತುತ್ತು

ನಮ್ಮತ್ತೆಯ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಒಂದು ಉಪ್ಪಿನಕಾಯಿ ಜಾಡಿಯ ಜೊತೆಯಲ್ಲಿ. ತುನಿ ಎಂಬ ಊರಿನ ನಮ್ಮ ಮನೆಗೆ ಸಂಬಂಧ ತಂದಿದ್ದ ಅವಧಾನುಲು ತಾತ ಜಗುಲಿಯ ಮೇಲೆ ಕೂತು, ದೊಡ್ಡ ಲೋಟದ ಮಜ್ಜಿಗೆ ಮುಗಿಸಿ, ಬಾಯಿ ಒರೆಸಿಕೊಂಡು ಹೇಳಿದರು:

"ರಾಜಮಂಡ್ರಿ ಮಂಗತಾಯಾರಮ್ಮನ ಆವಕಾಯಿ ಅಂದ್ರೆ ಗೋದಾವರಿ ಆಚೆ ದಡದೋರೂ ಕೈ ಮುಗೀತಾರೆ. ಎರಡು ವರ್ಷದ ಜಾಡಿ ತೆಗೆದ್ರೂ ಹೋಳು ಕಟುಂ ಅನ್ನುತ್ತೆ."

"ಕಟುಂ ಅನ್ನುತ್ತಾ?" ಅಂದರು ನಮ್ಮಪ್ಪ.

"ಕಟುಂ."

ಅಪ್ಪ ಅಡುಗೆಮನೆಯ ಕಡೆ ನೋಡಿದರು. ನಮ್ಮಮ್ಮನ ಆವಕಾಯಿ ದಸರೆ ಬರುವ ಹೊತ್ತಿಗೆ ಮೆತ್ತಗಾಗಿ ಗೊಜ್ಜಿನ ರೂಪ ತಾಳುತ್ತಿತ್ತು. ಒಳಗಿನಿಂದ ಅಮ್ಮ ಜೋರಾಗಿ ಕೆಮ್ಮಿದ ಮೇಲೆ ಅಪ್ಪನಿಗೆ ನೆನಪಾಗಿ, "ಅಂದ ಹಾಗೆ, ಹುಡುಗ?" ಎಂದರು.

"ಹಾಂ, ಹುಡುಗನೂ ಇದ್ದಾನೆ. ಮುನಿಸಿಪಲ್ ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು."

ಹೀಗೆ ನಾನು, ಹೈಮಾವತಿ, ಒಂದು ಜಾಡಿಗೆ ಮದುವೆಯಾಗಿ ರಾಜಮಂಡ್ರಿಗೆ ಬಂದೆ. (ಜಾತಕವನ್ನು ಆಮೇಲೆ ನೋಡಿದರು. ಕೂಡಿಬಂತು. ಬಾರದಿದ್ದರೂ ಅಪ್ಪ ಕೂಡಿಸುತ್ತಿದ್ದರು.)

ಬಂದ ವರ್ಷ ವೈಶಾಖದಲ್ಲಿ ಆವಕಾಯಿ ಹಾಕುವುದನ್ನು ನೋಡಿದೆ. ಅದನ್ನು ಅಡುಗೆ ಕೆಲಸ ಅನ್ನುವುದು ತಪ್ಪು, ದಂಡಯಾತ್ರೆ ಅನ್ನಬೇಕು. ಮಾವಿನಕಾಯಿಯನ್ನು ಓಟೆ ಸಮೇತ ಹೋಳು ಮಾಡಿಸಿ ಅಂಗಳದಲ್ಲಿ ರಾಶಿ ಹಾಕುತ್ತಿದ್ದರು. ಮನೆಯ ಗಂಡಸರೆಲ್ಲ ಒಣಬಟ್ಟೆ ಹಿಡಿದು ಒಂದೊಂದು ಹೋಳನ್ನೂ ಕೂಸಿನ ಮೈ ಒರೆಸಿದ ಹಾಗೆ ಒರೆಸಬೇಕು. ಒಂದು ಹನಿ ನೀರು ತಾಗಿದರೆ ವರ್ಷದ ಉಪ್ಪಿನಕಾಯಿಯೆಲ್ಲ ಬೂಷ್ಟು ಹಿಡಿಯಿತು ಅಂತಲೇ ಲೆಕ್ಕ. ಮಾತಾಡಿದರೆ ಎಂಜಲು ಸಿಡಿಯುತ್ತದೆ ಅಂತ ಮಾತೂ ಇಲ್ಲ. ನಮ್ಮತ್ತೆ ಮಾತ್ರ ಮೂಗಿನಿಂದಲೇ "ಹೂಂ", "ಊಹೂಂ" ಅಂತ ರಾಜ್ಯಭಾರ ನಡೆಸುತ್ತಿದ್ದರು.

ಕಾರದ ಪುಡಿ, ಸಾಸಿವೆ ಪುಡಿ, ಉಪ್ಪು, ಎಳ್ಳೆಣ್ಣೆ ಎಲ್ಲ ಬೆರೆತ ಹೋಳುಗಳು ಜಾಡಿ ಸೇರಿ, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕೂರುತ್ತಿದ್ದವು. ನಿಜವಾದ ಹಬ್ಬ ಮೂರನೇ ದಿನ. ಆವತ್ತು ಅವನ್ನೆಲ್ಲ ದೊಡ್ಡ ಪಿಂಗಾಣಿ ಬೋಗುಣಿಗೆ ಸುರಿದು, ತಿರುವಿ, ಎಣ್ಣೆ ಸಾಲದಿದ್ದರೆ ಹಾಕಿ ಮತ್ತೆ ಜಾಡಿ ತುಂಬುತ್ತಿದ್ದರು. ಬೋಗುಣಿಯ ತಳದಲ್ಲಿ, ಸುತ್ತ ಗೋಡೆಯಲ್ಲಿ, ಕೆಂಪು ಎಣ್ಣೆ, ನೆನೆದ ಸಾಸಿವೆ, ಒಡೆದ ಹೋಳಿನ ಚೂರು ಅಂಟಿಕೊಂಡಿರುತ್ತಿತ್ತು. ಅದರ ಮೇಲೆ ಆಗ ತಾನೇ ಬಸಿದ ಅನ್ನ, ಹೊಗೆಯಾಡುವ ಹಾಗೇ, ದಬಕ್ಕನೆ. ಒಂದು ಸೌಟು ತುಪ್ಪ. ಅತ್ತೆ ಆ ಬಿಸಿಗೆ ಕೈ ಹಾಕಿ ಕಲಸುವಾಗ ಏಳುವ ವಾಸನೆ ಮೂಗಿನಲ್ಲಿ ಹತ್ತಿ ಕಣ್ಣಿನಲ್ಲಿ ಇಳಿಯುತ್ತಿತ್ತು. ಸ್ವರ್ಗದಲ್ಲಿ ಅಮೃತ ಇದೆ ಅನ್ನುತ್ತಾರೆ. ಅಲ್ಲಿ ಬೋಗುಣಿ ಇದೆಯೇ ಅಂತ ಯಾರೂ ಹೇಳಿಲ್ಲ, ಅದಕ್ಕೇ ನನಗೆ ಹೋಗುವ ಅವಸರವಿಲ್ಲ.

ಮೊದಲ ತುತ್ತು ಅತ್ತೆಯದು. ತುಟಿಗೆ ತಾಗದಂತೆ ಮೇಲಿನಿಂದ ಬಾಯಿಗೆ ಹಾಕಿಕೊಂಡು, ಕತ್ತೆತ್ತಿ ಸೂರಿನ ತೊಲೆ ನೋಡುತ್ತಿದ್ದರು. ಮನೆಗೆ ಮನೆಯೇ ಉಸಿರು ಬಿಗಿಹಿಡಿದು ಅವರ ಗಂಟಲನ್ನು ನೋಡುತ್ತಿತ್ತು. ಕೆಲವು ವರ್ಷ "ಹೂಂ" ಅನ್ನುತ್ತಿದ್ದರು. ಕೆಲವು ವರ್ಷ "ಒಂದು ಹಿಡಿ ಉಪ್ಪು" ಅನ್ನುತ್ತಿದ್ದರು, ನಾನು ತಂದುಕೊಡುತ್ತಿದ್ದೆ. (ಅಧಿಕಾರ ತೋರಿಸಲು ಹಾಗೆ ಹೇಳುತ್ತಾರೆ ಅಂತ ನನ್ನ ಎಣಿಕೆ. ರಾಜರು ಸುಮ್ಮಸುಮ್ಮನೆ ಯಾರನ್ನಾದರೂ ಕರೆದು ಏನಾದರೂ ಹೇಳುವುದಿಲ್ಲವೇ, ಹಾಗೆ.)

ಆಮೇಲೆ ಮಗ ಸೋಮಯಾಜುಲು, ಅಂದರೆ ನಮ್ಮ ಯಜಮಾನರು. ಆಮೇಲೆ ಆವಕಾಯಿಯ ಮೂರನೇ ದಿನಕ್ಕೆ ಸರಿಯಾಗಿ ಕಾಕಿನಾಡದಿಂದ ರೈಲು ಹತ್ತಿ ಬರುವ ನಾದಿನಿ ವಿಶಾಲಾಕ್ಷಿ. ಅವಳ ಹಿಂದೆ ಅವಳ ಮಕ್ಕಳು. ಅವರ ಹಿಂದೆ ಬೀದಿಯ ಮಕ್ಕಳು. ಎಲ್ಲರಿಗೂ ಅನ್ನ ಬಸಿದು, ತುಪ್ಪ ಕಾಯಿಸಿ, ನೀರು ಕೊಟ್ಟು ನಾನು ಬರುವ ಹೊತ್ತಿಗೆ ಬೋಗುಣಿಯಲ್ಲಿ ಮುಖ ನೋಡಿಕೊಂಡು ಕುಂಕುಮ ಇಡಬಹುದಾಗಿತ್ತು.

"ರೀ, ಈ ಸಲವಾದ್ರೂ ನಂಗೊಂದು ತುತ್ತು ಉಳಿಸಿ," ಎಂದೆ ಒಂದು ವರ್ಷ ಯಜಮಾನರಿಗೆ.

"ಜಾಡಿ ತುಂಬ ಇದೆಯಲ್ಲೇ."

"ಜಾಡಿದು ಬೇರೆ, ಬೋಗುಣಿದು ಬೇರೆ."

"ಅದೇ ಕಾಯಿ, ಅದೇ ಕಾರ, ಅದೇ ಎಣ್ಣೆ. ಎರಡೂ ಸಮ."

"ಲೆಕ್ಕದ ಮೇಷ್ಟ್ರನ್ನ ಕಟ್ಕೊಂಡ್ರೆ ಇದೇ ಹಣೆಬರಹ. ಅಷ್ಟು ಸಮ ಆಗಿದ್ರೆ ನೀವು ಜಾಡಿದು ತಿನ್ನಿ, ನಿಮ್ಮ ಪಾಲು ನಂಗೆ ಕೊಡಿ."

"ಅದು ಹೇಗಾಗುತ್ತೆ," ಎಂದು ಅವರು ಎದ್ದು ಕೈ ತೊಳೆಯಲು ಹೋದರು.

ಸತ್ಯಾಗ್ರಹ ಫಲಿಸದೆ ತಂತ್ರಕ್ಕೆ ಇಳಿದೆ. ಒಂದು ವರ್ಷ ಮಕ್ಕಳನ್ನೆಲ್ಲ ಯಜಮಾನರ ಜೊತೆ ಸೇತುವೆಯ ಮೇಲೆ ರೈಲು ಹೋಗುವುದನ್ನು ನೋಡಲು ಗೋದಾವರಿ ದಂಡೆಗೆ ಅಟ್ಟಿದೆ. "ಮಕ್ಕಳು ಬಂದ್ಮೇಲೆ ಕಲಸೋಣ," ಎಂದು ಅತ್ತೆ ಜಪಮಣಿ ಹಿಡಿದು ಕೂತರು. ಮಕ್ಕಳು ಬಂದರು, ದಂಡೆಯಲ್ಲಿ ಗೆಳೆತನವಾದ ಇನ್ನಷ್ಟು ಮಕ್ಕಳ ಸಮೇತ. ಮತ್ತೊಂದು ವರ್ಷ ಸರಿಯಾಗಿ ಆ ದಿನವೇ ನಾನು ಹೊರಗಾದೆ. ಹಿತ್ತಲ ಕೋಣೆಯಲ್ಲಿ ಚಾಪೆ ಮೇಲೆ ಕೂತು, ಬರುವ ವಾಸನೆಯನ್ನಾದರೂ ಎಳೆದುಕೊಳ್ಳೋಣ ಅಂದರೆ ಅಡುಗೆಮನೆಯಿಂದ ಅತ್ತೆಯ ಕೂಗು ಬಂತು:

"ಅಮ್ಮಾಯೀ, ಆ ಮೂಲೆಗೆ ಸರ್ಕೊಂಡು ಕೂತ್ಕೋ. ಗಾಳಿ ನಿನ್ ಕಡೆಯಿಂದ ಜಾಡಿ ಕಡೆ ಬೀಸ್ತಿದೆ."

ಹೀಗೆ ನನಗೂ ತಲೆ ನರೆಯಿತು. ಆಮೇಲೊಂದು ಮಾಘದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಂಚ ಹಿಡಿದರು. ಕಾಲು ಊದಿಕೊಂಡಿತು. ಡಾಕ್ಟರು ಬಂದು ನೋಡಿ, ಉಪ್ಪು ಕಾರ ಎರಡೂ ಬಂದ್ ಎಂದು ಅಪ್ಪಣೆ ಕೊಟ್ಟರು. ವೈಶಾಖದಲ್ಲಿ ಉಗ್ರಾಣದ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಅತ್ತೆಗೆ ಹೀಗಾಯಿತಲ್ಲ ಅಂತ ನಾನು ಅತ್ತದ್ದು ಸುಳ್ಳಲ್ಲ. ಆದರೆ ಅಳುತ್ತಿದ್ದಾಗಲೂ ಒಂದು ಕಣ್ಣು ಬೋಗುಣಿಯ ಮೇಲಿತ್ತು.

ಆ ವರ್ಷದ ಪಟ್ಟಾಭಿಷೇಕಕ್ಕೆ ಯಜಮಾನರೇ ಮಂತ್ರಿ. ಅಳತೆ ಕೆಲಸ ಅವರು ವಹಿಸಿಕೊಂಡರು. "ಕಾರದ ಪುಡಿ ಒಂದಳತೆ, ಸಾಸಿವೆ ಒಂದಳತೆ, ಉಪ್ಪು ಒಂದಳತೆ. ಮೂರೂ ಸಮ. ಇದರಲ್ಲಿ ಬ್ರಹ್ಮವಿದ್ಯೆ ಏನಿದೆ," ಎನ್ನುತ್ತ ಸೇರಿನಲ್ಲಿ ಕಲ್ಲುಪ್ಪನ್ನು ತುಂಬಿ, ಮೇಲೆ ಕೈಯಾಡಿಸಿ, ನನ್ನ ಮುಂದೆ ಸುರಿದರು. ನಾನು ಕುಟ್ಟಿದೆ. ಕುಟ್ಟಿ ಆಮೇಲೆ ಅಳೆಯಬೇಕು ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಹರಳು ಹರಳಿನ ನಡುವೆ ಇದ್ದ ಗಾಳಿಯೂ ಅಳತೆಯಲ್ಲಿ ಬಂದು, ಉಪ್ಪು ಅಷ್ಟು ಕಡಿಮೆ ಬಿದ್ದಿತ್ತು. ಅತ್ತೆ ಮಂಚದಿಂದ ನೂರು ಮಾತು ಹೇಳಿದರು, ಅದೊಂದನ್ನು ಹೇಳಲಿಲ್ಲ. ಉಸಿರಾಡು ಅಂತ ಯಾರೂ ಯಾರಿಗೂ ಹೇಳುವುದಿಲ್ಲವಲ್ಲ.

ಮೂರನೇ ದಿನ ಬಂತು. ವಿಶಾಲಾಕ್ಷಿ ತಾಯಿಯನ್ನು ನೋಡಿಕೊಂಡು ಹಿಂದಿನ ತಿಂಗಳಷ್ಟೇ ಹೋಗಿದ್ದಳು, ಬರಲಿಲ್ಲ. ಬೀದಿಯ ಮಕ್ಕಳಿಗೆ ಕೇಳಿಸದ ಹಾಗೆ ಅಡುಗೆಮನೆ ಬಾಗಿಲು ಹಾಕಿಕೊಂಡೆ. ಬಸಿದ ಅನ್ನ ಸುರಿದೆ. ತುಪ್ಪ ಎರಡು ಸೌಟು. (ಒಂದೇ ಹಾಕಬೇಕೆಂದು ಯಾವ ಶಾಸ್ತ್ರದಲ್ಲಿದೆ?) ಕಲಸಿ ತುತ್ತು ಎತ್ತಿದೆ.

"ಅಮ್ಮಾಯೀ," ಮಂಚದ ಕಡೆಯಿಂದ ಬಂತು, "ಒಂದು ತುತ್ತು ಇಲ್ಲಿ ತಾ."

"ಡಾಕ್ಟ್ರು ಬೇಡ ಅಂದಿದಾರಲ್ಲ ಅತ್ತೆ."

"ತಿನ್ನೋಕಲ್ಲ. ನೋಡೋಕೆ."

"ನೋಡೋದಾದ್ರೆ ಬೋಗುಣಿನೇ ತಂದು ತೋರಿಸ್ತೀನಿ."

"ಅದೇನು ಕಣ್ಣಲ್ಲಿ ನೋಡೋ ವಸ್ತುವಾ?"

"ಕಾಲು ಇನ್ನೂ ಊದಿಕೊಂಡ್ರೆ ನಿಮ್ಮ ಮಗ ನನ್ನ ಬಿಡ್ತಾರಾ?" ಎಂದೆ. ಡಾಕ್ಟರ ಮಾತಿನಲ್ಲಿ ನನಗೆ ಅಷ್ಟು ಭಕ್ತಿ ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಮೊದಲ ತುತ್ತು ಬಾಯಿಗೆ ಬಿತ್ತು. ಏನು ಹೇಳಲಿ. ಕಾರ ನಾಲಿಗೆಯನ್ನು ಹಿಡಿದುಕೊಂಡಿತು, ತುಪ್ಪ ಬಿಡಿಸಿತು, ಸಾಸಿವೆ ನೆತ್ತಿಗೆ ಏರಿ ಕೂತಿತು, ಹುಳಿ ಕಿವಿಯ ಹಿಂದೆ ಜುಮ್ಮೆಂದಿತು. ಎರಡನೆಯ ತುತ್ತಿಗೆ ಕಣ್ಣು ತಾನೇ ಮುಚ್ಚಿತು. ಮೂರನೆಯದಕ್ಕೆ ಅಪ್ಪ ಮಾಡಿದ ಸಂಬಂಧ ಒಳ್ಳೆಯದೇ ಎನ್ನಿಸಿತು. ಇಷ್ಟರ ನಡುವೆ ಉಪ್ಪನ್ನು ಯಾರು ವಿಚಾರಿಸುತ್ತಾರೆ?

"ಹೇಗಿದೆ?" ಎಂದು ಕೂಗಿದರು ಅತ್ತೆ.

"ಬ್ರಹ್ಮಾಂಡ."

"ಉಪ್ಪು?"

"ಎಲ್ಲಾ ಬ್ರಹ್ಮಾಂಡ ಅತ್ತೆ."

ಮಳೆ ಹಿಡಿದ ಮೇಲೆ, ಆಷಾಢ ಕಳೆದು, ವಿಶಾಲಾಕ್ಷಿ ತನ್ನ ವರ್ಷದ ಜಾಡಿ ಒಯ್ಯಲು ಬಂದಳು. ಬಟ್ಟೆ ಬಿಚ್ಚಿದೆ. ಜಾಡಿಯೊಳಗೆ ಒಬ್ಬ ಋಷಿ ತಪಸ್ಸಿಗೆ ಕೂತಂತೆ ಬಿಳಿಯ ಗಡ್ಡ. ಪಕ್ಕದ ಜಾಡಿ ಬಿಚ್ಚಿದೆ. ಅಲ್ಲಿ ಅವನ ಶಿಷ್ಯ.

"ಅತ್ತಿಗೆ, ಇದ್ಯಾವ ಹೊಸ ಬಗೆ? ಮೊಸರು ಆವಕಾಯಾ?" ಅಂದಳು ವಿಶಾಲಾಕ್ಷಿ.

ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಅಳತೆ ಸಮ ಇತ್ತು," ಎಂದರು.

ಮಂಚದ ಮೇಲೆ ಅತ್ತೆ ಗೋಡೆಯ ಕಡೆ ತಿರುಗಿದ್ದರು. ಯಾರೂ ಏನೂ ಹೇಳಿರಲಿಲ್ಲ, ಗಾಳಿ ಹೇಳಿರಬೇಕು. "ಉಪ್ಪು," ಎಂದರು. ಆಮೇಲೆ ನನ್ನನ್ನು ಹತ್ತಿರ ಕರೆದು ಕೇಳಿದರು:

"ಇಷ್ಟು ವರ್ಷ ಮೊದಲ ತುತ್ತು ನಾನು ಹಸಿವಿಗೆ ತಿಂತಿದ್ದೆ ಅಂದ್ಕೊಂಡ್ಯಾ?"

ನಾನು ಕೈಯಲ್ಲಿದ್ದ ಜಾಡಿಯ ಬಟ್ಟೆಯನ್ನು ಮಡಿಸತೊಡಗಿದೆ.

"ಅದು ನನಗಲ್ಲ ಅಮ್ಮಾಯಿ, ಜಾಡಿಗೆ. ಬಿಸಿ ಅನ್ನಕ್ಕೆ ಬಿದ್ರೆ ಉಪ್ಪು ತನ್ನ ನಿಜ ಹೇಳುತ್ತೆ. ಮೂರನೇ ದಿನ ಕೇಳಿದ್ರೆ ಸರಿ ಮಾಡ್ಬಹುದು. ಆಮೇಲೆ ಕೇಳಿದ್ರೆ ಗಡ್ಡ ಬೋಳಿಸ್ಬೇಕು."

ಆ ವರ್ಷ ಮಂಗತಾಯಾರಮ್ಮನ ಮನೆಗೆ ಅಂಗಡಿಯಿಂದ ಉಪ್ಪಿನಕಾಯಿ ಬಂತು. ಯಜಮಾನರು ಅದನ್ನು ಚೀಲದಲ್ಲಿಟ್ಟು, ಮೇಲೆ ಬದನೆಕಾಯಿ ಮುಚ್ಚಿ ತಂದರು. ಆದರೂ ಬೀದಿಗೆಲ್ಲ ಗೊತ್ತಾಯಿತು. ನಮ್ಮಪ್ಪನಿಗೂ ತುನಿಯಲ್ಲಿ ಗೊತ್ತಾಯಿತು. ಅವರು ಅಳಿಯನ ಕ್ಷೇಮ ಕೇಳುವುದನ್ನು ಸ್ವಲ್ಪ ಕಾಲ ನಿಲ್ಲಿಸಿದರು.

ಮುಂದಿನ ಬೇಸಗೆಗೆ ಅತ್ತೆ ಹಾಸಿಗೆಯಲ್ಲಿ ಒಂದು ಮಡಿಸಿಟ್ಟ ಬಟ್ಟೆಯಷ್ಟೇ ಆಗಿದ್ದರು. ಡಾಕ್ಟರು ಬಂದು ನಾಡಿ ನೋಡಿ, ಈ ಸಲ ಬಂದ್ ಗಿಂದ್ ಅನ್ನಲಿಲ್ಲ. "ಏನು ಕೇಳ್ತಾರೋ ಕೊಡಿ," ಎಂದು ಹೇಳಿ ಹೊರಟುಹೋದರು. ಯಜಮಾನರು ಜಗುಲಿಗೆ ಹೋಗಿ ಬಹಳ ಹೊತ್ತು ಕೂತರು.

ಆ ವರ್ಷ ಉಪ್ಪನ್ನು ಕುಟ್ಟಿ, ಜರಡಿ ಹಿಡಿದು, ಆಮೇಲೆ ಅಳೆದೆ. ಮಂತ್ರಿಗಳನ್ನು ಹತ್ತಿರ ಸೇರಿಸಲಿಲ್ಲ. ಮೂರನೇ ದಿನ ಅನ್ನ ಕಲಸಿ, ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಂಚದ ಪಕ್ಕಕ್ಕೆ ಬಂದೆ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ. ಒಂದು ತುತ್ತು ಅವರಿಗೆ, ಉಳಿದದ್ದು ನನಗೆ ಎಂದು ಮನಸ್ಸಿನಲ್ಲೇ ಭಾಗ ಮಾಡಿಕೊಂಡಿದ್ದೆ. ನ್ಯಾಯವಾದ ಭಾಗವೇ. ಕಾದಿದ್ದೂ ನಾನೇ, ಕುಟ್ಟಿದ್ದೂ ನಾನೇ.

ತುತ್ತು ಮೇಲಿನಿಂದ ಬಾಯಿಗೆ ಬಿಟ್ಟೆ. ಅತ್ತೆ ತೊಲೆ ನೋಡಿದರು. ನಾನು ಎಡಗೈಯಲ್ಲಿ ಒಂದು ಹಿಡಿ ಉಪ್ಪು ಹಿಡಿದು, ಪರೀಕ್ಷೆಯ ಫಲ ಕಾಯುವ ಹುಡುಗಿಯ ಹಾಗೆ ನಿಂತೆ.

"ಹೇಗಿದೆ ಅತ್ತೆ?"

"ತಿಳೀಲಿಲ್ಲ. ನಾಲಿಗೆ ಮಂದ ಆಗಿದೆ. ಇನ್ನೊಂದು ಹಾಕು."

ಹಾಕಿದೆ.

"ಈಗ?"

"ಕಾಯಿ ಚೆನ್ನಾಗಿ ಬಿದ್ದಿದೆ."

"ಉಪ್ಪು?"

"ಅದೇ ನೋಡ್ತಿದೀನಿ."

ಇನ್ನೊಂದು. ಮತ್ತೊಂದು. ತಿಂಗಳಿಂದ ಒಂದು ಚಮಚ ಗಂಜಿಗೆ ಮುಖ ತಿರುಗಿಸುತ್ತಿದ್ದವರು ಗುಬ್ಬಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದರು. ವಾಸನೆಗೆ ಯಜಮಾನರು ಬಾಗಿಲಲ್ಲಿ ಬಂದು ನಿಂತರು.

"ಅಮ್ಮಾ, ನಂಗೆ?"

"ಸುಮ್ನಿರೋ. ಉಪ್ಪು ನೋಡೋವಾಗ ಮಧ್ಯ ಬಾಯಿ ಹಾಕ್ಬೇಡ."

ಅವರು ಬಾಗಿಲಲ್ಲೇ ನಿಂತು ಕಣ್ಣು ಒರೆಸಿಕೊಂಡರು. ಕಾರದ ಘಾಟು ಅಂದರು. ನಾನೂ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಬೋಗುಣಿಯ ಬಿಳಿಯ ತಳ ಅಲ್ಲಲ್ಲಿ ಕಾಣಿಸತೊಡಗಿ, ನನಗೆ ನಿಜವಾಗಿ ಗಾಬರಿಯಾಯಿತು.

"ಅತ್ತೆ, ನೀವು ದಣಿದ್ರಿ. ನಾನೊಂದು ಸಲ ನೋಡ್ಲಾ?"

"ಹೋದ ವರ್ಷ ನೋಡಿದ್ಯಲ್ಲ."

ಮತ್ತೆ ಹಾಕಿದೆ. (ಆ ವರ್ಷದ ಜಾಡಿಗಳನ್ನು ಆಮೇಲೆ ಊರೆಲ್ಲ ಹೊಗಳಿತು. ಉಪ್ಪು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಜೀವಮಾನವೆಲ್ಲ ತೊಲೆ ನೋಡಿ ಉಪ್ಪು ಹೇಳಿದ ನಾಲಿಗೆಗೆ ಅದು ಮೊದಲ ತುತ್ತಿಗೇ ತಿಳಿದಿರಲಿಲ್ಲ ಅಂದರೆ ನಾನು ನಂಬುವವಳಲ್ಲ.)

ವಾರ ಕಳೆಯುವುದರೊಳಗೆ ಅತ್ತೆ ಹೋದರು. ಆ ದಿನಗಳಲ್ಲಿ ಮಾತಾಡಿದ್ದು ಕಡಿಮೆ, ಅದೂ ಎಂದೋ ತೀರಿಹೋದ ಮಾವನವರ ಫೋಟೋದ ಜೊತೆ. ನನ್ನಿಂದ ಏನನ್ನಾದರೂ ಕೇಳಿದ್ದು ಆ ಮೂರನೇ ದಿನವೇ ಕೊನೆ. ಆವತ್ತು ಬೋಗುಣಿಯ ಸುತ್ತಲೂ ಬೆರಳಾಡಿಸಿ, ಅಂಟಿದ್ದನ್ನೆಲ್ಲ ಬಳಿದು, ಒಂದೇ ಒಂದು ತುತ್ತು ಕಟ್ಟಿದ್ದೆ. ಅತ್ತೆ ಕಣ್ಣು ಮುಚ್ಚಿದ್ದರು, ನಿದ್ದೆ ಹತ್ತಿತು ಅಂದುಕೊಂಡೆ. ಸದ್ದಿಲ್ಲದೆ ಕೈಯನ್ನು ನನ್ನ ಬಾಯಿಯ ಹತ್ತಿರ ತಂದೆ. ಅವರು ಒಂದು ಕಣ್ಣು ತೆರೆದರು.

"ಅಮ್ಮಾಯಿ, ಉಪ್ಪು ಇನ್ನೂ ತಿಳೀಲಿಲ್ಲ. ಅದನ್ನೂ ಇಲ್ಲೇ ಹಾಕು."