ಬಾವುಟದ ರಂಗೋಲಿ, ಲಕ್ಷ್ಮಮ್ಮನ ಅಡುಗೆಮನೆ

ಅವತ್ತು ನಡೆದದ್ದು ಇಷ್ಟೆ: ಕರೆದ ಅತಿಥಿಗಳು ಒಳಗೆ ಬಾರದಂತೆ ನಾನೇ ದಾರಿ ಕಟ್ಟಿದೆ. ಬೀಗ ಹಾಕಿ ಅಲ್ಲ, ರಂಗೋಲಿ ಹಾಕಿ.

ಕತ್ರಿಗುಪ್ಪೆಯ ನಮ್ಮ ಬೀದಿಯವರು ಸಂಘದ ಕಟ್ಟಡದಲ್ಲಿ ನೆರೆ ದೇಶಗಳ ಸ್ನೇಹದ ದಿನ ಇಟ್ಟುಕೊಂಡಿದ್ದರು. ಜೆ.ಪಿ. ನಗರದಲ್ಲಿ ನೆಲೆಸಿದ ನೇಪಾಳದ ಹಿರಿಯರೊಬ್ಬರು ಮುಖ್ಯ ಅತಿಥಿ. ಅವರೆದುರು ನನ್ನ ಮೊಮ್ಮಗಳು ಸಿರಿ ನೇಪಾಳಿ ಕುಣಿತ ಕುಣಿಯಬೇಕು. ವೇದಿಕೆ ಹತ್ತುವುದು ಅದೇ ಮೊದಲು. ಹೆದರಿಕೆಗೆ ಇಡ್ಲಿಯನ್ನೂ ಮುಟ್ಟದೆ, ಸಿಂಗಾರ ಮಾಡಿಕೊಂಡು ಆಗಲೇ ಒಳಗೆ ಹೋಗಿ ಕೂತಿದ್ದಳು.

ರಂಗೋಲಿ ನನ್ನ ಪಾಲಿಗೆ ಬಂತು. ಓದಿದ್ದು ಕಡಿಮೆಯಾದರೂ ರಂಗೋಲಿಯಲ್ಲಿ ಬೀದಿಗೆಲ್ಲ ನಾನೇ ಪಂಡಿತೆ. ಮೊಬೈಲಿನಲ್ಲಿ ಚಿತ್ರ ನೋಡಿಕೊಂಡು ಅಷ್ಟೂ ದೇಶಗಳ ಬಾವುಟಗಳನ್ನು ಗೇಟಿನ ಮುಂದೆ ಇಳಿಸಿದೆ. ಬಾಂಗ್ಲಾದೇಶದ್ದಕ್ಕೆ ತಟ್ಟೆ ಕವುಚಿ ಗುಂಡಗೆ ಗೆರೆ ಎಳೆದೆ. ಭೂತಾನಿನ ಡ್ರ್ಯಾಗನ್ ಓತಿಕ್ಯಾತದ ಹಾಗೆ ಬಂತು. ಬಾಲ ಉದ್ದ ಮಾಡಿ ಮರ್ಯಾದೆ ಉಳಿಸಿದೆ. ನಮ್ಮ ತ್ರಿವರ್ಣ ನಟ್ಟನಡುವೆ. ಸ್ನೇಹ ಎಂದಮೇಲೆ ಮಧ್ಯೆ ಜಾಗ ಯಾಕೆ? ಈ ಗೋಡೆಯಿಂದ ಆ ಗೋಡೆಯವರೆಗೆ ಒಂದಕ್ಕೊಂದು ಅಂಟಿಸಿಯೇ ಬಿಟ್ಟೆ!

ಅತಿಥಿಗಳು ಬಂದರು, ಚಪ್ಪಲಿ ಬಿಟ್ಟರು, ಕೈಮುಗಿದರು, ಹಾಗೇ ನಿಂತರು.

"ಅಮ್ಮಾ, ನಮ್ಮ ಬಾವುಟ ತುಂಬಾ ಚೆನ್ನಾಗಿ ಬಂದಿದೆ. ಕಾಲು ಎಲ್ಲಿಡ್ಲಿ?"

ನೆಲ ನೋಡಿದೆ. ಜಾಗವೇ ಇರಲಿಲ್ಲ.

ಸಂಘದ ಕಾರ್ಯದರ್ಶಿ ಮಂಜುನಾಥ ಎಲ್ಲಿಂದಲೋ ಪೊರಕೆ ತಂದ. "ಗುಡಿಸ್ಬಿಡ್ತೀನಿ ಬಿಡಿ ಆಂಟಿ."

"ಯಾವ ದೇಶಾನ ಮೊದಲು ಗುಡಿಸ್ತೀಯಪ್ಪ?" ಎಂದೆ.

ಸುತ್ತ ಜನ ಮೊಬೈಲ್ ಎತ್ತಿಕೊಂಡು ನಿಂತಿದ್ದರು. ಅವನು ಮೆಲ್ಲಗೆ ಪೊರಕೆಯನ್ನು ಬೆನ್ನ ಹಿಂದೆ ಅಡಗಿಸಿದ. ಯಾರೋ ಹಲಗೆ ತಂದರು. ಗಿಡ್ಡ! ಅದರ ತುದಿ ನೇರವಾಗಿ ಮಾಲ್ಡೀವ್ಸ್ ಮೇಲೆ ಕೂರುತ್ತಿತ್ತು. ಅತಿಥಿಗಳಿಗೆ ಊರಿಗೆ ಹೋಗುವ ಸಂಜೆಯ ರೈಲು ಬೇರೆ, ಗಡಿಯಾರ ನೋಡತೊಡಗಿದರು. ಗೇಟಿನ ಆಚೆಯಿಂದ ಸಿರಿ ಅಳುಮುಖ ಮಾಡಿ ಕೇಳಿದಳು: "ಅಜ್ಜಿ, ಅವರು ಹೊರಟೋಗ್ತಾರಾ?"

ಪಕ್ಕದ ಮನೆಯ ಲಕ್ಷ್ಮಮ್ಮನ ಹತ್ತಿರ ಓಡಿದೆ. ಅವಳ ಹಿತ್ತಿಲ ಬಾಗಿಲು ತೆರೆದರೆ ಸಂಘದ ಕಟ್ಟಡದ ಹಿಂಬಾಗಿಲು. ಸಂಗತಿ ಹೇಳಿ, ನಿನ್ನ ಮನೆಯೊಳಗಿಂದ ದಾರಿ ಬಿಡು ಎಂದು ಬೇಡಿಕೊಂಡೆ.

"ಮೊದಲೇ ಹೇಳಿದ್ರೆ ಪಾತ್ರೆನಾದ್ರೂ ತೊಳ್ದಿಡ್ತಿದ್ದೆ ಕಣಮ್ಮ. ಬರಲಿ. ಕುಕ್ಕರ್ ಹತ್ರ ಹುಷಾರು."

ಮುಖ್ಯ ಅತಿಥಿಗಳೂ ಅವರ ಹಿಂದೆ ಇಡೀ ಬೀದಿಯೂ ಅವಳ ಅಡುಗೆಮನೆ ಹಾದು ಸಭೆ ಸೇರಿದರು. ನಡುದಾರಿಯಲ್ಲಿ ಕುಕ್ಕರ್ ಕೂಗಿತು. ಸ್ವಾಗತ ಭಾಷಣ ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಕುಣಿಯುವಾಗ ಸಿರಿ ಒಂದು ಹೆಜ್ಜೆ ತಪ್ಪಿದಳು. ಅತಿಥಿಗಳು ಚಪ್ಪಾಳೆಯಲ್ಲೇ ತಾಳ ಹಾಕಿದರು, ಸರಿಹೋಯಿತು. ಅದೇ ಅಡುಗೆಮನೆ ಹಾದು ರೈಲಿಗೂ ಹೊತ್ತಿಗೆ ಸರಿಯಾಗಿ ಹೊರಟರು. ಯಾವ ದೇಶವನ್ನೂ ಯಾರೂ ತುಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಬೀದಿ ಏಳುವ ಮೊದಲೇ ಹೋಗಿ, ಗೇಟಿನ ಮುಂದೆ ಚಕ್ಕಳಮಕ್ಕಳ ಕೂತು, ಅಷ್ಟೂ ದೇಶಗಳ ಪುಡಿಯನ್ನು ಬರಿಗೈಯಿಂದಲೇ ಮೊರಕ್ಕೆ ಬಳಿದುಕೊಂಡೆ. ಎಲ್ಲರಿಗೂ ಸಲ್ಲಬೇಕಾದ ಮರ್ಯಾದೆ ಸಂದಿತು. ಏಳುವುದಕ್ಕೆ ಮಾತ್ರ ಮಂಡಿ ಒಪ್ಪಲಿಲ್ಲ. ಲಕ್ಷ್ಮಮ್ಮನನ್ನೇ ಕೂಗಿದೆ.