ಹಾಜರಿ ತಪ್ಪಿಸಿಕೊಂಡ ಮೌಸ್

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಓದುವವರು ಕ್ಷಮಿಸಬೇಕು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಹತ್ತಿರ ಒಳ್ಳೆಯ ಮಾತುಗಳೂ ಹೆಚ್ಚಿಲ್ಲ. (ಹಾಜರಿ ಕೂಗುವಾಗ ನನಗೆ ದನಿಯೇ ಹೊರಡುತ್ತಿರಲಿಲ್ಲ. ಬೆಂಚಿನಲ್ಲಿ ಕೂತೇ ಆಬ್ಸೆಂಟು.)

ತುಮಕೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಬ್ಬಾ ಲಗ್ನಪತ್ರಿಕೆ ಮಾಡಿಕೊಡುತ್ತಾರೆ. ಹಳೇ ಕಂಪ್ಯೂಟರ್ ತಂದಾಗಿನಿಂದ ಅಮ್ಮಿಗೆ ಒಂದೇ ಚಿಂತೆ, ಯಾರಾದರೂ ಮೌಸ್ ಕದ್ದರೆ? ದಿನಾ ಸಂಜೆ ಅದನ್ನು ಕಿತ್ತು, ಕರ್ಚೀಫಿನಲ್ಲಿ ಸುತ್ತಿ, ಬೀರುವಿನಲ್ಲಿ ತನ್ನ ಕಿವಿಯೋಲೆಗಳ ಪಕ್ಕ ಮಲಗಿಸಿ ಬೀಗ ಹಾಕುತ್ತಾಳೆ. ಬೆಳಿಗ್ಗೆ ತಂದು ಸಿಕ್ಕಿಸುತ್ತಾಳೆ.

ಇವತ್ತು ಗುರುವಾರ ಬೆಳಿಗ್ಗೆ ಬೀಗದ ಕೈ ಸಿಗಲಿಲ್ಲ. ಸಿ.ಎಸ್. ಪುರದ ಕದರಯ್ಯನವರು ಆಗಲೇ ಬಂದು ಕೂತಿದ್ದರು. ಮಗಳು ಶಶಿಕಲಾಳ ಪತ್ರಿಕೆ ಶುಕ್ರವಾರ ಮನೆದೇವರ ಮುಂದೆ ಇಡಬೇಕು, ಮಧ್ಯಾಹ್ನದ ಬಸ್ಸಿಗೇ ಬೇಕು. ಅಬ್ಬಾ ಮೌಸ್ ಇಲ್ಲದೆಯೇ ಸ್ವಿಚ್ ಹಾಕಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು, ಓದದೆ ಎಂಟರ್ ಒತ್ತಿದರು. ಅಕ್ಕಿ ಡಬ್ಬಿಯಲ್ಲಿ ಬೀಗದ ಕೈ ಸಿಕ್ಕಿ, ಮಹಾರಾಜ ಮೌಸ್ ಆಗಮಿಸಿದರೂ ಪರದೆಯ ಮೇಲಿನ ಬಾಣ ಅಲುಗಲಿಲ್ಲ.

"ಕರ್ಚೀಫಲ್ಲಿ ಸುತ್ತಿ ಸುತ್ತಿ ಅದಕ್ಕೆ ಉಸಿರು ಕಟ್ಟಿಸಿದೀಯ!" ಎಂದು ರೇಗಿದರು ಅಬ್ಬಾ.

"ನನ್ ಓಲೆನೂ ಅಲ್ಲೇ ಇರ್ತಾವೆ. ಅವಕ್ಕೇನಾಗಿದೆ?" ಅಂದಳು ಅಮ್ಮಿ.

ಅಬ್ಬಾ ಮೌಸಿನ ಹೊಟ್ಟೆಯೊಳಗಿನ ರಬ್ಬರ್ ಗುಂಡು ತೆಗೆದು ಊದಿದರು, ಲುಂಗಿಗೆ ಉಜ್ಜಿದರು.

ನನಗೆ ಗೊತ್ತಿತ್ತು. ಆ ಇಂಗ್ಲಿಷ್ ಸಾಲನ್ನು ನಾನು ಓದಿದ್ದೆ. ಕಂಪ್ಯೂಟರ್ ಎದ್ದ ಕೂಡಲೇ ಹಾಜರಿ ಕೂಗುತ್ತದೆ: ಕೀಬೋರ್ಡ್ ಇದೆಯಾ, ಮೌಸ್ ಇದೆಯಾ? ಆಗ ಇಲ್ಲದ್ದು ಆಮೇಲೆ ಬಂದರೆ ಲೆಕ್ಕಕ್ಕಿಲ್ಲ. ಆದರೆ ಹೊರಗಿನವರ ಮುಂದೆ ನನಗೆ ಬಾಯಿ ಬರಬೇಕಲ್ಲ! ಅದನ್ನೇ ಜಾಗ್ರತೆಯಾಗಿ ಚೀಟಿಯಲ್ಲಿ ಬರೆದು ಅಬ್ಬಾನ ಟೀ ಸಾಸರಿನ ಕೆಳಗಿಟ್ಟೆ. ಅಬ್ಬಾ ಹಿಂದೆ ಮುಂದೆ ತಿರುಗಿಸಿ ನೋಡಿ, "ಅಂಗಡಿ ಸಾಮಾನು ಆಮೇಲೆ ತರ್ತೀನಿ" ಎಂದು ಜೇಬಿಗೆ ಹಾಕಿಕೊಂಡರು. (ಅಕ್ಷರದ ವಿಷಯ ಮೊದಲೇ ಹೇಳಿದೆನಲ್ಲ.)

ಕದರಯ್ಯನವರು ಎದ್ದರು. "ಬುಡಿ ಸಾಬ್ರೇ, ಬೇರೆ ಕಡೆ ಮಾಡಿಸ್ಕತೀನಿ."

"ಆಫ್ ಮಾಡಿ!" ಯಾರೋ ಕಿರುಚಿದರು. ನೋಡಿದರೆ ನಾನೇ. "ಮೌಸ್ ಹಾಗೇ ಇರ್ಲಿ, ಆಫ್ ಮಾಡಿ ಮತ್ತೆ ಆನ್ ಮಾಡಿ!"

ಅಬ್ಬಾ ಮಾಡಿದರು. ಬಾಣ ಓಡಿತು. ಪತ್ರಿಕೆ ಬಸ್ಸು ಹತ್ತಿತು.

"ಇಷ್ಟು ದೊಡ್ಡ ಗಂಟಲು ಎಲ್ಲಿ ಬಚ್ಚಿಟ್ಟಿದ್ದೆ ಅಮ್ಮಣ್ಣಿ?" ಎಂದು ನಕ್ಕರು ಕದರಯ್ಯನವರು.

"ಬೀರುವಲ್ಲೇ ಇರ್ಬೇಕು" ಅಂದರು ಅಬ್ಬಾ. "ತಹಸೀನ್, ನಾಳೆಯಿಂದ ಗಿರಾಕಿಗಳ ಹತ್ರ ಮಾತಾಡೋದೆಲ್ಲ ನೀನೇ."

ಅಮ್ಮಿ ಬೀಗದ ಕೈಗೆ ದಾರ ಕಟ್ಟಿ ನನ್ನ ಕೊರಳಿಗೇ ಹಾಕಿದಳು.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬೀರು ತೆಗೆದು, ಮೊದಲು ಮೌಸ್ ಸಿಕ್ಕಿಸಿ, ಆಮೇಲೆ ಸ್ವಿಚ್ ಹಾಕಿ, ಬಂದವರನ್ನು ಏನು ಬೇಕೆಂದು ಕೇಳುತ್ತೇನೆ.